‘ಬಸುರಿ ಹೆಂಗಸನ್ನ ಇಲಿ ಮಾಡ್ಕೊಂಡವ್ರೆ’: ಲಸಿಕೆ ಅಧ್ಯಯನಕ್ಕೆ ಸಹಿ ಹಾಕುವ ಮುಂಚೆ

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಮದ್ದೂರು ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ಈಗ ನನಗೆ 26 ವಾರ. ಎರಡು ವರ್ಷದ ಹಿಂದೆ ಮೂರನೇ ತಿಂಗಳಲ್ಲಿ ಒಂದು ಹೋಯಿತು. ಈ ಸಲ ಬಿಪಿ, ಶುಗರ್ ಏನೂ ಇಲ್ಲ, ಮಗು ಚೆನ್ನಾಗಿದೆ ಅಂದಿದ್ದಾರೆ. ಮೂರನೇ ತಿಂಗಳಲ್ಲಿ ಒಂದು ಟಿಟಿ ಇಂಜೆಕ್ಷನ್ ಹಾಕಿದ್ದಾರೆ. ಹೋದ ವಾರ ಮೈಸೂರಿನ ಒಂದು ಆಸ್ಪತ್ರೆಗೆ ಸ್ಕ್ಯಾನಿಂಗ್‌ಗೆ ಹೋಗಿದ್ದೆ. ಅಲ್ಲಿ ಒಬ್ಬರು ಮೇಡಂ ಬಂದು, ಹುಟ್ಟುವ ಮಗುವಿಗೆ ಉಸಿರಾಟದ ಸೋಂಕು ಬರದ ಹಾಗೆ ತಾಯಿಗೇ ಹಾಕುವ ಹೊಸ ಲಸಿಕೆಯ ಅಧ್ಯಯನ ಇದೆ, ಸೇರಿಕೊಳ್ತೀರಾ ಅಂತ ಕೇಳಿದರು. ಸೋಂಕಿನ ಹೆಸರು ಆರ್‌ಎಸ್‌ವಿ ಅಂತ ಫಾರಂನಲ್ಲಿದೆ. ಅರ್ಧ ಜನಕ್ಕೆ ಲಸಿಕೆ, ಅರ್ಧ ಜನಕ್ಕೆ ಬರೀ ಉಪ್ಪು ನೀರಂತೆ. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿರಲ್ಲವಂತೆ. ಸಹಿ ಹಾಕುವಾಗ ವಿಡಿಯೊ ಬೇರೆ ಮಾಡ್ತಾರಂತೆ. ಅತ್ತೆ ‘ಬಸುರಿ ಹೆಂಗಸನ್ನ ಇಲಿ ಮಾಡ್ಕೊಂಡವ್ರೆ’ ಅಂತ ಬೈದರು. ನಮ್ಮ ಮನೆಯವರು ಬೇಡವೇ ಬೇಡ ಅಂತಾರೆ. ಆಶಾ ಅಕ್ಕ ಮಾತ್ರ ‘ಚೆನ್ನಾಗಿ ನೋಡ್ಕೋತಾರೆ, ಸೇರ್ಕೋ’ ಅಂತಾರೆ. ಮಗುವಿಗೆ ಏನಾದ್ರೂ ಆದರೆ ಆ ಕೊರಗು ಜೀವನ ಪೂರ್ತಿ ಹೋಗಲ್ಲ. ಬೇಡ ಅಂದರೆ ಹೆರಿಗೆಗೆ ಹೋದಾಗ ಸರಿಯಾಗಿ ನೋಡ್ತಾರೋ ಇಲ್ಲವೋ ಅನ್ನೋ ಭಯವೂ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಕೊನೆಯ ಭಯಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬೇಡ ಅಂದರೆ ಏನೂ ಆಗುವುದಿಲ್ಲ. ನಿಮ್ಮ ಸ್ಕ್ಯಾನಿಂಗ್, ಮಾತ್ರೆ, ಹೆರಿಗೆ ಯಾವುದನ್ನೂ ಈ ಅಧ್ಯಯನಕ್ಕೆ ಗಂಟು ಹಾಕುವ ಹಾಗಿಲ್ಲ. ಇದನ್ನು ನಿಮ್ಮ ಕೈಗೆ ಕೊಟ್ಟ ಫಾರಂನಲ್ಲೇ ಬರೆದಿರಬೇಕು, ಹುಡುಕಿ ನೋಡಿ. ಸೇರಿದ ಮೇಲೂ ಯಾವ ದಿನ ಬೇಕಾದರೂ, ಕಾರಣ ಹೇಳದೆ ಬಿಡಬಹುದು. ಇಂಜೆಕ್ಷನ್ ಒಮ್ಮೆ ಹಾಕಿಸಿಕೊಂಡರೆ ಅದನ್ನು ವಾಪಸ್ ತೆಗೆಯೋಕಾಗಲ್ಲ, ಅದು ನಿಜ. ಆದರೆ ಆಮೇಲಿನ ರಕ್ತ ಪರೀಕ್ಷೆ, ಭೇಟಿ ಎಲ್ಲವನ್ನೂ ನಿಲ್ಲಿಸಬಹುದು. ‘ಸೇರದಿದ್ದರೆ ಇಲ್ಲಿ ಹೆರಿಗೆ ಕಷ್ಟ’ ಅಂತ ಯಾರಾದರೂ ಸುಮ್ನೆ ಮಾತಿಗೆ ಅಂದರೂ ಅದು ತಪ್ಪು. ಆ ಫಾರಂನ ಕೊನೆಯಲ್ಲಿ ಎಥಿಕ್ಸ್ ಕಮಿಟಿಯವರ ಫೋನ್ ನಂಬರ್ ಇರುತ್ತದೆ. ಆ ನಂಬರ್ ಇರುವುದೇ ಇಂಥದ್ದನ್ನು ಹೇಳಿಕೊಳ್ಳುವುದಕ್ಕೆ.

ನಾನು ಮೊದಲು ಮಂಡ್ಯದಲ್ಲಿ, ಆಮೇಲೆ ಮೈಸೂರಿನಲ್ಲಿ ಹೆರಿಗೆ ಡಾಕ್ಟರಾಗಿ ಕೆಲಸ ಮಾಡಿಕೊಂಡು ಬಂದವಳು. ಕೆಲವು ವರ್ಷ ಒಂದು ಎಥಿಕ್ಸ್ ಕಮಿಟಿಯಲ್ಲೂ ಕೂತಿದ್ದೆ. ಇಂಥ ಅಧ್ಯಯನಕ್ಕೆ ಒಪ್ಪಿಗೆ ಕೊಡಬೇಕೋ ಬೇಡವೋ ಅಂತ ಫೈಲು ಓದಿ ತೀರ್ಮಾನ ಮಾಡುವ ಕಮಿಟಿ ಅದು. ಅದರಲ್ಲಿ ಡಾಕ್ಟರುಗಳಷ್ಟೇ ಅಲ್ಲ, ಒಬ್ಬ ವಕೀಲರು, ಆಸ್ಪತ್ರೆಗೆ ಸಂಬಂಧವೇ ಇಲ್ಲದ ಒಬ್ಬ ಸಾಮಾನ್ಯ ವ್ಯಕ್ತಿ ಕೂಡ ಇರಬೇಕು ಅನ್ನೋದು ನಿಯಮ.

ನಿಮ್ಮ ಅತ್ತೆಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅಂಥ ಅನುಮಾನಕ್ಕೆ ನಮ್ಮ ದೇಶದಲ್ಲಿ ಕಾರಣ ಇದೆ. 2009-10ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರ ಜಿಲ್ಲೆಗಳಲ್ಲಿ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಡೆಯುವ ಲಸಿಕೆ ಹಾಕುವ ಒಂದು ಯೋಜನೆ ನಡೆಯಿತು. ಹಾಸ್ಟೆಲ್ಲಿನ ಎಷ್ಟೋ ಹುಡುಗಿಯರ ಪರವಾಗಿ ವಾರ್ಡನ್‌ಗಳೇ ಸಹಿ ಹಾಕಿದ್ದರು, ಅಪ್ಪ ಅಮ್ಮನಿಗೆ ವಿಷಯವೇ ಗೊತ್ತಿರಲಿಲ್ಲ. ಸಂಸತ್ತಿನ ಸಮಿತಿ 2013ರಲ್ಲಿ ಅದನ್ನು ಕಟುವಾಗಿ ಟೀಕಿಸಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಕೂಡ ಔಷಧ ಪರೀಕ್ಷೆಗಳ ವಿಷಯದಲ್ಲಿ ಬಿಗಿಯಾಯಿತು. ನಿಮಗೆ ಮುಜುಗರ ತಂದಿರುವ ಆ ವಿಡಿಯೊ ಇದೆಯಲ್ಲ, ಅದು ಹುಟ್ಟಿದ್ದೇ ಅಲ್ಲಿಂದ. ನಿಮಗೆ ನಿಜವಾಗಿ ವಿವರಿಸಿದರಾ, ನೀವು ಪ್ರಶ್ನೆ ಕೇಳಿದಿರಾ, ಒತ್ತಾಯ ಇತ್ತಾ ಅನ್ನೋದಕ್ಕೆ ಅದು ಸಾಕ್ಷಿ. ಅದು ನಿಮ್ಮ ಕಡೆಯ ಸಾಕ್ಷಿ. ಬೇರೆ ಯಾವುದಕ್ಕೂ ಅದನ್ನು ಬಳಸುವ ಹಾಗಿಲ್ಲ.

ಹಾಗಾದರೆ ಬಸುರಿಯರನ್ನು ಇಂಥದ್ದರಿಂದ ದೂರವೇ ಇಟ್ಟರೆ ಆಯಿತಲ್ಲ ಅಂತ ಅನ್ನಿಸಬಹುದು. ಬಹಳ ವರ್ಷ ಹಾಗೇ ಮಾಡಿದೆವು. ಅದಕ್ಕೆ ಎಲ್ಲರೂ ತೋರಿಸುವ ಕಾರಣ ಥಾಲಿಡೊಮೈಡ್. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಈ ಮಾತ್ರೆಯನ್ನು ಬಸುರಿಯರು ವಾಂತಿ, ನಿದ್ದೆಗೆ ನುಂಗಿದರು. 1961ರ ಕೊನೆಗೆ ಅದನ್ನು ಹಿಂತೆಗೆದುಕೊಳ್ಳುವಷ್ಟರಲ್ಲಿ ಹಲವು ದೇಶಗಳಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಮಕ್ಕಳು ಕೈಕಾಲು ಬೆಳೆಯದೆ, ಬೇರೆ ಬೇರೆ ಊನದೊಂದಿಗೆ ಹುಟ್ಟಿದ್ದರು. ಆದರೆ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಥಾಲಿಡೊಮೈಡನ್ನು ಬಸುರಿಯರ ಮೇಲೆ ಅಧ್ಯಯನ ಮಾಡಿ ಆದ ಅನಾಹುತ ಅಲ್ಲ ಅದು. ಅಧ್ಯಯನವನ್ನೇ ಮಾಡದೆ ನೇರವಾಗಿ ಅಂಗಡಿಗೆ ಬಿಟ್ಟದ್ದರಿಂದ ಆದದ್ದು. ಕೆಲವೇ ನೂರು ಜನರಲ್ಲಿ, ಪ್ರತಿಯೊಬ್ಬರ ಮೇಲೂ ಕಣ್ಣಿಟ್ಟು ನೋಡಿದ್ದರೆ ಬೇಗ ಗೊತ್ತಾಗುತ್ತಿತ್ತು.

ಇಂಥದ್ದೇ ಇನ್ನೊಂದನ್ನು ನಾವೆಲ್ಲ ಕಣ್ಣಾರೆ ನೋಡಿದೆವು. ಕೋವಿಡ್ ಲಸಿಕೆಯ ಮೊದಲ ಪರೀಕ್ಷೆಗಳಲ್ಲಿ ಬಸುರಿಯರನ್ನು ಸೇರಿಸಿರಲಿಲ್ಲ. ನಮ್ಮಲ್ಲಿ ಲಸಿಕೆ ಶುರುವಾದದ್ದು 2021ರ ಜನವರಿ 16ಕ್ಕೆ. ಬಸುರಿಯರು ಹಾಕಿಸಿಕೊಳ್ಳಬಹುದು ಅಂತ ಆರೋಗ್ಯ ಸಚಿವಾಲಯ ಹೇಳಿದ್ದು ಜುಲೈ 2ಕ್ಕೆ. ನಡುವೆ ಎರಡನೇ ಅಲೆ ಬಂದು ಹೋಯಿತು. ಆ ಏಪ್ರಿಲ್, ಮೇನಲ್ಲಿ ನನ್ನ ಫೋನು ಕೆಳಗಿಡುವ ಹಾಗಿರಲಿಲ್ಲ. ‘ಮೇಡಂ, ಹಾಕಿಸ್ಕೋಬಹುದಾ?’ ಅಂತ ಒಂದೇ ಪ್ರಶ್ನೆ. ಬಸುರಿಯರಿಗೆ ಕೋವಿಡ್ ಬಂದರೆ ಉಳಿದವರಿಗಿಂತ ಜಾಸ್ತಿ ಅಪಾಯ ಅಂತ ಅಷ್ಟೊತ್ತಿಗೆ ಗೊತ್ತಿತ್ತು. ಲಸಿಕೆ ಬಗ್ಗೆ ಹೇಳೋಕೆ ಮಾತ್ರ ನನ್ನ ಹತ್ತಿರ ಏನೂ ಇರಲಿಲ್ಲ, ಯಾಕಂದರೆ ಅವರಂಥವರಲ್ಲಿ ಯಾರೂ ಪರೀಕ್ಷೆ ಮಾಡಿರಲಿಲ್ಲ. ಕಾಪಾಡುತ್ತೇವೆ ಅಂತ ಹೊರಗಿಟ್ಟು ಕೊನೆಗೆ ಕೈಬಿಟ್ಟ ಹಾಗಾಯಿತು. ಇದು ನನಗೆ ಇವತ್ತಿಗೂ ನೋಯುವ ವಿಷಯ.

ಈಗ ನಿಮಗೆ ಹೇಳಿರುವ ಲಸಿಕೆಯ ವಿಷಯ. ಮಗುವಿನ ರೋಗಕ್ಕೆ ತಾಯಿಗೆ ಯಾಕೆ ಇಂಜೆಕ್ಷನ್? ಮಗು ಹುಟ್ಟಿದ ತಕ್ಷಣ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ ಹಾಕುತ್ತೇವೆ. ಮುಂದಿನದು ಆರನೇ ವಾರಕ್ಕೆ. ಆ ನಡುವೆ, ಅದರ ಮುಂದಿನ ಕೆಲವು ತಿಂಗಳೂ ಸೇರಿ, ಮಗು ಬಹುಪಾಲು ಅಮ್ಮನಿಂದ ತಂದುಕೊಂಡ ಬುತ್ತಿಯ ಮೇಲೆಯೇ ಬದುಕುತ್ತದೆ. ತಾಯಿಯ ರಕ್ತದಲ್ಲಿರುವ ರೋಗನಿರೋಧಕ ಕಣಗಳು ಮಾಸುಚೀಲದ ಮೂಲಕ ಮಗುವಿಗೆ ದಾಟುತ್ತವೆ. ಜಾಸ್ತಿ ದಾಟುವುದು ಕೊನೆಯ ಮೂರು ತಿಂಗಳಲ್ಲಿ. ತಾಯಿಗೆ ಲಸಿಕೆ ಹಾಕಿ ಕನಿಷ್ಠ ಎರಡು ವಾರ ಕಳೆದರೆ ಮಗುವಿನ ಪಾಲು ಅದಕ್ಕೆ ಸಿಗುತ್ತದೆ. ಅಂದರೆ ಲಸಿಕೆಯೇ ಮಗುವಿಗೆ ಹೋಗುತ್ತದೆ ಅಂತಲ್ಲ. ಲಸಿಕೆ ನಿಮ್ಮ ತೋಳಿನಲ್ಲಿ ಕೆಲಸ ಮುಗಿಸಿ ಕರಗುತ್ತದೆ, ನಿಮ್ಮ ದೇಹ ತಯಾರು ಮಾಡಿದ್ದು ಮಗುವಿಗೆ ಹೋಗುತ್ತದೆ.

ಇದು ನಿನ್ನೆ ಮೊನ್ನೆಯ ವಿದ್ಯೆ ಅಲ್ಲ. ನಿಮಗೆ ಹಾಕಿರುವ ಧನುರ್ವಾಯು ಇಂಜೆಕ್ಷನ್ ಇದೇ ತತ್ತ್ವದ್ದು. ನಿಮ್ಮ ಅತ್ತೆಯ ಕಾಲದಲ್ಲಿ ಕುಡುಗೋಲಿನಲ್ಲಿ ಹೊಕ್ಕುಳ ಬಳ್ಳಿ ಕತ್ತರಿಸಿ, ಏಳೆಂಟು ದಿನಕ್ಕೆ ಮಗು ಬಾಯಿ ಕಚ್ಚಿಕೊಂಡು, ಬಿಲ್ಲಿನ ಹಾಗೆ ಸೆಟೆದು ಹೋಗುತ್ತಿದ್ದದ್ದನ್ನು ಅವರನ್ನೇ ಕೇಳಿ ನೋಡಿ. ಅವರಿಗೆ ನೆನಪಿರಬಹುದು. 1988ರಲ್ಲಿ ಪ್ರಪಂಚದಲ್ಲಿ ಹೀಗೆ ಸುಮಾರು 7 ಲಕ್ಷ 87 ಸಾವಿರ ಹಸುಗೂಸುಗಳು ಸತ್ತವು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ತಾಯಂದಿರಿಗೆ ಹಾಕಿದ ಆ ಇಂಜೆಕ್ಷನ್, ಶುಚಿಯಾದ ಹೆರಿಗೆ ಎರಡೂ ಸೇರಿ 2015ರಲ್ಲಿ ಭಾರತ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶ ಅನ್ನಿಸಿಕೊಂಡಿತು. ಆ ಇಂಜೆಕ್ಷನ್ನನ್ನೂ ಎಲ್ಲೋ ಕೆಲವು ಬಸುರಿಯರು ಮೊದಲ ಸಲ ಹಾಕಿಸಿಕೊಂಡಿದ್ದರು, ಅಲ್ವಾ? ಪಾಪುವಾ ನ್ಯೂಗಿನಿಯ ಹಳ್ಳಿಗಳ ಹೆಂಗಸರು ಅವರು. ಆ ಅಧ್ಯಯನ ಹೊರಬಂದದ್ದು 1961ರಲ್ಲಿ.

ಆರ್‌ಎಸ್‌ವಿ ಅನ್ನೋದು ಆರೋಗ್ಯವಾಗಿರುವ ದೊಡ್ಡವರಿಗೆ ಸಾಮಾನ್ಯವಾಗಿ ಬರೀ ನೆಗಡಿ. ಎಳೆಗೂಸಿಗೆ ಬೇರೆಯೇ. ಹೋದ ಚಳಿಗಾಲದಲ್ಲಿ ನನ್ನ ಹತ್ತಿರ ಹೆರಿಗೆಯಾದ ಒಬ್ಬರ ಮಗುವನ್ನು ಮಕ್ಕಳ ವಾರ್ಡಿನಲ್ಲಿ ನೋಡಲು ಹೋಗಿದ್ದೆ. ಏಳು ವಾರದ ಕೂಸು. ಎರಡು ಗುಟುಕು ಕುಡಿಯುವುದು, ಏದುಸಿರು ಬಂದು ಮೊಲೆ ಬಿಡುವುದು, ಮತ್ತೆ ಹುಡುಕುವುದು. ಪ್ರತಿ ಉಸಿರಿಗೂ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿತ್ತು. ಮೂಗಿಗೆ ಆಕ್ಸಿಜನ್ ಕೊಳವೆ, ಅದನ್ನು ಅಂಟಿಸಿದ ಪಟ್ಟಿ ಕೆನ್ನೆಗಿಂತ ದೊಡ್ಡದಾಗಿ ಕಾಣುತ್ತಿತ್ತು. ಆ ಮಗು ಹುಷಾರಾಯಿತು. ಎಲ್ಲ ಮಕ್ಕಳೂ ಆಗುವುದಿಲ್ಲ. 2019ರಲ್ಲಿ ಪ್ರಪಂಚದಲ್ಲಿ ಐದು ವರ್ಷದೊಳಗಿನ ಸುಮಾರು ಒಂದು ಲಕ್ಷ ಮಕ್ಕಳು ಇದರಿಂದ ತೀರಿಕೊಂಡರು ಅಂತ ಅಂದಾಜಿದೆ. ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಆರು ತಿಂಗಳೊಳಗಿನವು. ನೂರಕ್ಕೆ 97 ಸಾವು ನಮ್ಮಂಥ ದೇಶಗಳಲ್ಲೇ. ಆದ್ದರಿಂದ ಈ ಪ್ರಶ್ನೆಗೆ ಉತ್ತರ ಹುಡುಕುವುದು ನಮಗೇ ಜಾಸ್ತಿ ಬೇಕಾದ ಕೆಲಸ.

ಹಾಗಂತ ಎಲ್ಲ ಸಿಹಿ ಅಂತ ಹೇಳಿ ನಿಮ್ಮನ್ನು ಕಳಿಸುವುದಿಲ್ಲ. ಕಹಿಯೂ ಗೊತ್ತಿರಲಿ. ತಾಯಿಗೆ ಹಾಕುವ ಆರ್‌ಎಸ್‌ವಿ ಲಸಿಕೆಯನ್ನು ಎರಡು ದೊಡ್ಡ ಕಂಪನಿಗಳು ಒಂದೇ ಸಮಯದಲ್ಲಿ ಪರೀಕ್ಷೆ ಮಾಡಿದವು. ಫೈಜರ್‌ನದು 18 ದೇಶಗಳಲ್ಲಿ, 7,300ಕ್ಕೂ ಜಾಸ್ತಿ ಬಸುರಿಯರಲ್ಲಿ ನಡೆಯಿತು. ಹುಟ್ಟಿದ ಮೊದಲ ಮೂರು ತಿಂಗಳಲ್ಲಿ ಬರುವ ತೀವ್ರ ಆರ್‌ಎಸ್‌ವಿ ಕಾಯಿಲೆಯನ್ನು ಅದು ನೂರಕ್ಕೆ ಸುಮಾರು 82ರಷ್ಟು ತಡೆಯಿತು. 2023ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಇನ್ನೊಂದು ಜಿಎಸ್‌ಕೆಯದು. ಅದನ್ನು 2022ರ ಫೆಬ್ರುವರಿಯಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಯಾಕಂದರೆ ಲಸಿಕೆ ಹಾಕಿಸಿಕೊಂಡವರಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳು ನೂರಕ್ಕೆ 6.8, ಉಪ್ಪು ನೀರಿನಂಥದ್ದು ಹಾಕಿಸಿಕೊಂಡವರಲ್ಲಿ 4.9. ವ್ಯತ್ಯಾಸ ಜಾಸ್ತಿ ಕಂಡದ್ದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಹೀಗೆ ಯಾಕಾಯಿತು ಅಂತ ಇನ್ನೂ ಯಾರಿಗೂ ಖಚಿತವಾಗಿ ಹೇಳಲಾಗಿಲ್ಲ. ಫೈಜರ್ ಲಸಿಕೆಯಲ್ಲೂ ಚಿಕ್ಕ ವ್ಯತ್ಯಾಸ ಇತ್ತು, 5.7 ಮತ್ತು 4.7. ಅದು ಕಾಕತಾಳೀಯ ಇರಬಹುದು ಅನ್ನುವಷ್ಟು ಚಿಕ್ಕದು. ಆದರೂ ಮುನ್ನೆಚ್ಚರಿಕೆಗೆ ಅಮೆರಿಕದವರು 32ರಿಂದ 36 ವಾರದ ನಡುವೆ ಮಾತ್ರ ಹಾಕಿ ಅಂದರು. ಆ ಹೊತ್ತಿಗೆ ಹೆರಿಗೆ ಸ್ವಲ್ಪ ಮುಂಚೆ ಆದರೂ ಮಗು ತಡೆದುಕೊಳ್ಳುತ್ತದೆ. ಬ್ರಿಟನ್ನಿನಲ್ಲಿ 2024ರ ಸೆಪ್ಟೆಂಬರಿನಿಂದ 28ನೇ ವಾರದ ಮೇಲೆ ಹಾಕುತ್ತಿದ್ದಾರೆ.

ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎರಡು ಕಾರಣ. ಒಂದು, ಅಪಾಯ ಕಂಡ ಕೂಡಲೇ ಒಂದು ದೊಡ್ಡ ಅಧ್ಯಯನ ನಿಂತಿತು. ಯಾರಿಗೆ ಯಾವುದು ಹಾಕಿದೆ ಅಂತ ನಿಮ್ಮ ಡಾಕ್ಟರಿಗೆ ಗೊತ್ತಿರುವುದಿಲ್ಲ ನಿಜ. ಆದರೆ ಲೆಕ್ಕ ನೋಡುತ್ತಾ ಇರುವ ಬೇರೆಯದೇ ತಜ್ಞರ ಗುಂಪೊಂದು ಇರುತ್ತದೆ, ಅವರು ಗಂಟು ಬಿಚ್ಚಿ ನೋಡಬಹುದು. ಎರಡು, ನಿಮಗೆ ಈಗ 26 ವಾರ. ನೀವು ಕೇಳಬೇಕಾದ ಮೊದಲ ಪ್ರಶ್ನೆ ‘ಯಾವ ವಾರದಲ್ಲಿ ಹಾಕುತ್ತೀರಿ?’ ಅನ್ನೋದು. ಎರಡನೆಯದು ‘ಇದೇ ಲಸಿಕೆಯನ್ನು ಇದಕ್ಕೆ ಮುಂಚೆ ಎಷ್ಟು ಬಸುರಿಯರಿಗೆ ಹಾಕಿದ್ದೀರಿ, ಅವರಲ್ಲಿ ಎಷ್ಟು ಜನಕ್ಕೆ ದಿನ ತುಂಬುವ ಮೊದಲು ಹೆರಿಗೆ ಆಯಿತು?’ ಅನ್ನೋದು. ಇದಕ್ಕೆ ನೇರ ಉತ್ತರ ಬರಬೇಕು. ‘ಅದೆಲ್ಲ ಸೇಫ್’ ಅನ್ನೋದು ಉತ್ತರ ಅಲ್ಲ.

ಉಳಿದ ತೊಂದರೆಗಳನ್ನು ಬೇಗ ಹೇಳಿಬಿಡುತ್ತೇನೆ. ತೋಳು ನೋವು, ಮೈಕೈ ನೋವು, ಒಂದೆರಡು ದಿನ ಸುಸ್ತು, ಕೆಲವರಿಗೆ ಜ್ವರ. ಜ್ವರ ಬಂದರೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು, ತಡೆದುಕೊಂಡು ಕೂರಬೇಡಿ. ಬಹಳ ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದು. ಅದಕ್ಕೇ ಇಂಜೆಕ್ಷನ್ ಆದ ಮೇಲೆ ಅಲ್ಲೇ ಕೂರಿಸಿಕೊಳ್ಳುತ್ತಾರೆ. ‘ಮುಂದೆ ಮಕ್ಕಳಾಗಲ್ಲ’ ಅನ್ನೋ ಮಾತು ಪ್ರತಿ ಲಸಿಕೆಗೂ ಅಂಟಿಕೊಂಡು ಬರುತ್ತದೆ. ಅದರಲ್ಲಿ ಹುರುಳಿಲ್ಲ. ರೋಗಾಣು ಜೀವಂತವಾಗಿರುವ ಲಸಿಕೆಗಳನ್ನು, ಅಂದರೆ ದಡಾರ-ರುಬೆಲ್ಲಾ, ಚಿಕನ್‌ಪಾಕ್ಸ್ ಲಸಿಕೆಗಳನ್ನು ಬಸುರಿಯರಿಗೆ ಹಾಕುವುದಿಲ್ಲ. ತಾಯಂದಿರಿಗೆ ಬಂದಿರುವ ಆರ್‌ಎಸ್‌ವಿ ಲಸಿಕೆಗಳಲ್ಲಿ ಇರುವುದು ವೈರಸ್ಸಿನ ಒಂದು ಪ್ರೊಟೀನ್ ಅಷ್ಟೇ. ನಿಮ್ಮದೂ ಹಾಗೇನಾ ಅಂತ ಕೇಳಿಕೊಳ್ಳಿ.

ನಿಮ್ಮ ಹಿಂದಿನ ನೋವಿನ ಬಗ್ಗೆ ಒಂದು ಮಾತು. ಮೂರನೇ ತಿಂಗಳಲ್ಲಿ ಹೋದದ್ದಕ್ಕೆ ನೀವು ಮಾಡಿದ ಯಾವುದೂ ಕಾರಣ ಅಲ್ಲ. ಗೊತ್ತಾದ ಬಸುರುಗಳಲ್ಲಿ ನೂರಕ್ಕೆ ಹತ್ತು ಹದಿನೈದು ಹೀಗೆ ಹೋಗುತ್ತವೆ, ಬಹುಪಾಲು ಬೀಜದಲ್ಲೇ ಇರುವ ದೋಷದಿಂದ. ಇದನ್ನು ಈಗ ಯಾಕೆ ಹೇಳಿದೆ ಅಂದರೆ, ಏನೂ ಇಂಜೆಕ್ಷನ್ ಹಾಕಿಸಿಕೊಳ್ಳದವರಲ್ಲೂ ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 13 ಮಕ್ಕಳು ದಿನ ತುಂಬುವ ಮೊದಲು ಹುಟ್ಟುತ್ತವೆ. ನೂರಕ್ಕೆ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದಲೇ ಏನಾದರೂ ಊನ ಇರುತ್ತದೆ. ನೂರು ಬಸುರಿಯರಿಗೆ ಬರೀ ನೀರು ಚುಚ್ಚಿದರೂ ಇವು ಆಗಿಯೇ ಆಗುತ್ತವೆ. ಆಗ ಎಲ್ಲರೂ ಇಂಜೆಕ್ಷನ್ ಕಡೆ ಬೊಟ್ಟು ಮಾಡುತ್ತಾರೆ. ಉಪ್ಪು ನೀರಿನ ಗುಂಪು ಬೇಕಾಗುವುದು ಇದಕ್ಕೇ. ಆ ಗುಂಪಿಲ್ಲದಿದ್ದರೆ ಜಿಎಸ್‌ಕೆ ಲಸಿಕೆಯ ಆ 6.8 ಜಾಸ್ತಿಯೋ ಕಮ್ಮಿಯೋ ಅಂತ ಯಾರಿಗೂ ತಿಳಿಯುತ್ತಲೇ ಇರಲಿಲ್ಲ. ನಿಮಗೂ ಇದು ಮನಸ್ಸಿನಲ್ಲಿರಲಿ. ಸೇರಿದ ಮೇಲೆ ಏನಾದರೂ ತೊಂದರೆ ಆದರೆ ‘ನಾನು ಸಹಿ ಹಾಕಿದ್ದಕ್ಕೇ ಆಯ್ತು’ ಅನ್ನಿಸುತ್ತದೆ. ಸೇರದೆ ಇದ್ದು ಮಗುವಿಗೆ ಉಸಿರಾಟದ ಕಾಯಿಲೆ ಬಂದರೆ ‘ಸೇರಬೇಕಿತ್ತು’ ಅನ್ನಿಸುತ್ತದೆ. ಎರಡೂ ಕಡೆ ಕೊರಗಿಗೆ ಜಾಗ ಇದೆ. ತಿಳಿದುಕೊಂಡು ಮಾಡಿದ ತೀರ್ಮಾನದಲ್ಲಿ ಆ ಕೊರಗು ಸ್ವಲ್ಪ ಹಗುರ ಅನ್ನೋದು ನಾನು ಕಂಡದ್ದು.

ಆಶಾ ಅಕ್ಕನ ‘ಚೆನ್ನಾಗಿ ನೋಡ್ಕೋತಾರೆ’ ಅನ್ನೋ ಮಾತು ಸುಳ್ಳಲ್ಲ. ಭೇಟಿ ಜಾಸ್ತಿ ಇರುತ್ತದೆ, ಫೋನ್ ಮಾಡಿ ವಿಚಾರಿಸುತ್ತಾರೆ. ಆದರೆ ಅಧ್ಯಯನ ಅನ್ನೋದು ಚಿಕಿತ್ಸೆ ಅಲ್ಲ. ಚಿಕಿತ್ಸೆಯಲ್ಲಿ ನಾನು ಕೇಳಿಕೊಳ್ಳುವುದು ‘ಇವರಿಗೆ ಯಾವುದು ಒಳ್ಳೇದು’ ಅಂತ. ಅಧ್ಯಯನದಲ್ಲಿ ಕೇಳುವುದು ‘ಈ ಲಸಿಕೆ ಒಳ್ಳೇದಾ ಅಲ್ಲವಾ’ ಅಂತ. ನಿಮಗೆ ಸಿಕ್ಕಿದ್ದು ಉಪ್ಪು ನೀರೇ ಆಗಿರಬಹುದು. ಅಷ್ಟು ಸಲ ಬಸ್ಸು ಹತ್ತಿ ಮೈಸೂರಿಗೆ ಬಂದದ್ದರ ಲಾಭ ಮುಂದೆ ಹುಟ್ಟುವ ಬೇರೆಯವರ ಮಕ್ಕಳಿಗೆ ಹೋಗಬಹುದು. ನಮ್ಮ ಮೈಸೂರಿನ ತಾಯಂದಿರು ಇಂಥ ಉಪಕಾರ ಹಿಂದೆಯೂ ಮಾಡಿದ್ದಾರೆ. ಮಿಷನ್ ಆಸ್ಪತ್ರೆ ಅಂತ ನಾವೆಲ್ಲ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಎಷ್ಟೋ ವರ್ಷದ ಮೇಲೆ ಆ ಮಕ್ಕಳನ್ನು ಹುಡುಕಿ ನೋಡಿದಾಗ, ಕಮ್ಮಿ ತೂಕದಲ್ಲಿ ಹುಟ್ಟಿದವರಿಗೆ ಹೃದಯದ ಕಾಯಿಲೆ ಜಾಸ್ತಿ ಅಂತ 1996ರಲ್ಲಿ ಗೊತ್ತಾಯಿತು. ಪ್ರಪಂಚದ ಡಾಕ್ಟರುಗಳು ಇವತ್ತಿಗೂ ಅದನ್ನು ಓದುತ್ತಾರೆ. ಅಲ್ಲಿ ಬರೀ ಅಳತೆ, ಇಲ್ಲಿ ಇಂಜೆಕ್ಷನ್. ಅದಕ್ಕೇ ಇಲ್ಲಿ ಇಷ್ಟು ಕಟ್ಟುನಿಟ್ಟು.

ಇನ್ನು ಆ ಫಾರಂ. ನೀವು ಅದನ್ನು ಓದಿದಿರಾ? ಅರ್ಥವಾಯಿತಾ? ಆಗದಿದ್ದರೆ ತಪ್ಪು ನಿಮ್ಮದಲ್ಲ. ನಾನು ಕಮಿಟಿಯಲ್ಲಿದ್ದಾಗ ಒಂದು ಫಾರಂ ಬಂತು. ‘ವಿಷಯಿಗಳನ್ನು ಯಾದೃಚ್ಛಿಕವಾಗಿ ಎರಡು ಸಮೂಹಗಳಿಗೆ ನಿಯೋಜಿಸಲಾಗುವುದು’ ಅಂತ ಬರೆದಿತ್ತು. ಓದಿ ನನಗೇ ಎರಡು ನಿಮಿಷ ಬೇಕಾಯಿತು. ವಾರ್ಡಿನಲ್ಲಿ ಕೆಲಸ ಮಾಡುವ ಒಬ್ಬ ಆಯಾ ಅವರನ್ನು ಕರೆದು ಓದಿಸಿದೆವು. ಅವರು ತಲೆ ಅಲ್ಲಾಡಿಸಿದರು. ಹೀಗೆ ಹೀಗೆ ಅಂತ ಬಾಯಲ್ಲಿ ಹೇಳಿದ ಮೇಲೆ, ‘ಓ, ಚೀಟಿ ಎತ್ತಿ ಯಾರಿಗೆ ಯಾವುದು ಅಂತ ಹಾಕೋದಾ’ ಅಂದರು. ಫಾರಂ ವಾಪಸ್ ಹೋಯಿತು. ತಿದ್ದಿ ಬಂದಾಗ ‘ಚೀಟಿ ಎತ್ತಿದ ಹಾಗೆ’ ಅಂತಲೇ ಬರೆದಿದ್ದರು. ನಿಮಗೂ ಅರ್ಥವಾಗದ ಸಾಲಿನ ಕೆಳಗೆ ಗೆರೆ ಎಳೆದುಕೊಂಡು ಹೋಗಿ, ಒಂದೊಂದಾಗಿ ಹೇಳಿಸಿ. ಒಂದು ಪ್ರತಿ ನಿಮ್ಮ ಹತ್ತಿರವೇ ಇರಬೇಕು. ಓದಲು ಬಾರದವರಿದ್ದರೆ ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಪಕ್ಕದಲ್ಲಿ ಕೂರಬೇಕು ಅನ್ನೋ ನಿಯಮವೂ ಇದೆ. ಫಾರಂನಲ್ಲಿ ಸಿಟಿಆರ್‌ಐ ಅಂತ ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ಸಿಟಿಆರ್‌ಐ ಅಂದರೆ ಔಷಧ, ಲಸಿಕೆ ಪರೀಕ್ಷೆಗಳ ಸರ್ಕಾರಿ ನೋಂದಣಿ ಪಟ್ಟಿ. ದೇಶದಲ್ಲಿ ನಡೆಯುವ ಇಂಥ ಎಲ್ಲ ಪರೀಕ್ಷೆಗಳನ್ನೂ ಅಲ್ಲಿ ನೋಂದಾಯಿಸುವುದು 2009ರಿಂದ ಕಡ್ಡಾಯ. ಮೊಬೈಲಿನಲ್ಲಿ ಯಾರು ಬೇಕಾದರೂ ಹುಡುಕಬಹುದು, ನಿಮ್ಮ ಮನೆಯವರ ಹತ್ತಿರವೇ ಹುಡುಕಿಸಿ. ಆ ಸಂಖ್ಯೆ ಇಲ್ಲದಿದ್ದರೆ ಮುಂದಿನ ಮಾತೇ ಬೇಡ.

ಮಗುವಿಗೆ ಏನಾದರೂ ಆದರೆ ಅನ್ನೋದಕ್ಕೆ ಕಾನೂನು ಏನು ಹೇಳುತ್ತದೆ ಅಂತಲೂ ತಿಳಿದಿರಲಿ. 2019ರ ಔಷಧ ಪರೀಕ್ಷಾ ನಿಯಮಗಳ ಪ್ರಕಾರ ಅಧ್ಯಯನದಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ಜೊತೆಗೆ ಪರಿಹಾರ ಕೊಡಬೇಕು. ತಾಯಿ ಭಾಗವಹಿಸಿದ್ದರಿಂದ ಗರ್ಭದಲ್ಲಿರುವ ಮಗುವಿಗೆ ಆದ ತೊಂದರೆಯೂ ಇದರಲ್ಲಿ ಸೇರಿದೆ. ಇದನ್ನು ಆ ನಿಯಮಗಳಲ್ಲೇ ಬರೆದಿದ್ದಾರೆ. ಗಂಭೀರ ತೊಂದರೆ ಯಾವುದೇ ಆಗಲಿ, ಗೊತ್ತಾದ 24 ಗಂಟೆಯೊಳಗೆ ಡಾಕ್ಟರು ಎಥಿಕ್ಸ್ ಕಮಿಟಿಗೂ ದೆಹಲಿಯ ಔಷಧ ನಿಯಂತ್ರಕರಿಗೂ ತಿಳಿಸಬೇಕು. ಅಧ್ಯಯನಕ್ಕೂ ತೊಂದರೆಗೂ ಸಂಬಂಧ ಇದೆಯಾ ಇಲ್ಲವಾ ಅಂತ ತೀರ್ಮಾನ ಆಗುವ ತನಕ ಚಿಕಿತ್ಸೆ ಅವರದೇ ಖರ್ಚು. ಇದು ಕಾಗದದ ಮೇಲಿನ ಮಾತು. ಕೆಲಸಕ್ಕೆ ಬರಬೇಕಾದರೆ ನೀವು ಬೇಗ ಫೋನ್ ಮಾಡಬೇಕು, ಫೋನ್ ಎತ್ತುವವರು ಇರಬೇಕು.

ಅದಕ್ಕೇ ನಾನು ನಿಮ್ಮಂಥವರಿಗೆ ಹೇಳುವುದು, ರಾತ್ರಿ ಹನ್ನೊಂದು ಗಂಟೆಗೆ ಹೊಟ್ಟೆ ನೋವು ಬಂದರೆ ಯಾರಿಗೆ ಫೋನ್ ಮಾಡಲಿ ಅಂತ ಕೇಳಿ. ಆ ನಂಬರಿಗೆ ಸಹಿ ಹಾಕುವ ಮುಂಚೆಯೇ ಒಂದು ರಾತ್ರಿ ಮಾಡಿ ನೋಡಿ. ಎರಡನೆಯದು ಹೆರಿಗೆ ಎಲ್ಲಿ ಅನ್ನೋದು. ಏಳನೇ ತಿಂಗಳಿಗೆ ಸೀಮಂತ ಮುಗಿಸಿ ತವರಿಗೆ ಹೋಗುವವರು ನೀವಾದರೆ ಈಗಲೇ ಹೇಳಿ. ತವರು ನಾಗಮಂಗಲದ ಆಚೆ, ಕೆ.ಆರ್. ಪೇಟೆ ಕಡೆ ಇದ್ದರೆ ಅಲ್ಲಿಂದ ಮೈಸೂರಿಗೆ ಹಸಿ ಬಾಣಂತಿ ಮಗುವನ್ನು ಎತ್ತಿಕೊಂಡು ರಕ್ತ ಪರೀಕ್ಷೆಗೆ ಬರಬೇಕಾಗುತ್ತದಾ? ಮಗುವಿನಿಂದ ಎಷ್ಟು ಸಲ ರಕ್ತ ತೆಗೆಯುತ್ತಾರೆ, ಎಷ್ಟು ತಿಂಗಳ ತನಕ? ಸಂಕೋಚಪಟ್ಟು ಇದನ್ನು ಕೇಳದೆ ಬಂದವರು ಆಮೇಲೆ ಮನೆಯವರ ಹತ್ತಿರ ಮಾತು ಕೇಳಿದ್ದನ್ನು ನೋಡಿದ್ದೇನೆ. ಬಸ್ ಚಾರ್ಜು, ಒಂದು ದಿನದ ಕೂಲಿ ಕೊಡುತ್ತಾರೆ, ಅದು ತಪ್ಪಲ್ಲ. ಅದಕ್ಕಿಂತ ದೊಡ್ಡ ದುಡ್ಡಿನ ಆಸೆ ತೋರಿಸಿದರೆ ಹಿಂದೆ ಸರಿಯಿರಿ.

ಈಗ ನಿಮ್ಮ ಮುಂದೆ ಏನೇನಿದೆ? ಬೇಡ ಅನ್ನಬಹುದು. ಆಗ ನಿಮಗೆ ಹೊಸ ಅಪಾಯ ಇಲ್ಲ, ಹೊಸ ರಕ್ಷಣೆಯೂ ಇಲ್ಲ. ಎದೆಹಾಲು, ಕೈ ತೊಳೆದು ಮಗು ಮುಟ್ಟುವುದು, ನೆಗಡಿ ಇದ್ದವರನ್ನು ಹತ್ತಿರ ಬಿಡದಿರುವುದು, ಸೌದೆ ಒಲೆಯ ಹೊಗೆಯಿಂದ ದೂರ ಇಡುವುದು ಇವೆಲ್ಲ ಹೇಗೂ ನಿಮ್ಮ ಕೈಯಲ್ಲಿವೆ, ಕಮ್ಮಿ ಕೆಲಸ ಮಾಡುವುದಿಲ್ಲ. ಸೇರಬಹುದು, ಮೇಲಿನ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ. ಕಾಯಲೂಬಹುದು. ಎಷ್ಟೋ ಜನಕ್ಕೆ ಈ ಮೂರನೇ ದಾರಿ ಹೊಳೆಯುವುದಿಲ್ಲ. ‘32 ವಾರ ಆದ ಮೇಲೆ ಸೇರಬಹುದಾ?’ ಅಂತ ಕೇಳಿ. ನನ್ನ ಅಭಿಪ್ರಾಯ ಕೇಳಿದರೆ, ಇದು ಹೊಸ ಲಸಿಕೆ, ಅದನ್ನು 28 ವಾರಕ್ಕೆ ಮುಂಚೆ ಹಾಕುತ್ತೇವೆ ಅಂದರೆ ನಾನು ನಿಮಗೆ ಬೇಡ ಅನ್ನುತ್ತೇನೆ. 32ರ ಮೇಲೆ ಅಂದರೆ, ಬಿಪಿ ಇಲ್ಲದ, ಅವಳಿ ಅಲ್ಲದ, ಗರ್ಭಕೋಶದ ಬಾಯಿ ಸರಿಯಾಗಿರುವ ನಿಮ್ಮಂಥವರು ಯೋಚಿಸಬಹುದು. ಮೂರನೇ ತಿಂಗಳಲ್ಲಿ ಒಮ್ಮೆ ಹೋದದ್ದು ಸೇರದಿರುವುದಕ್ಕೆ ಕಾರಣ ಆಗಬೇಕಿಲ್ಲ. ಹಿಂದೆ ದಿನ ತುಂಬದೆ ಹೆರಿಗೆಯಾಗಿದ್ದರೆ ನಾನು ಖಂಡಿತ ಬೇಡ ಅನ್ನುತ್ತಿದ್ದೆ.

ಮನೆಯವರ ವಿಷಯ. ನಿಮ್ಮ ಇಂಜೆಕ್ಷನ್ನಿಗೆ ಸಹಿ ನಿಮ್ಮದು. ಹುಟ್ಟಿದ ಮಗುವಿನ ರಕ್ತ ತೆಗೆಯಲು ಕೆಲವು ಕಡೆ ತಂದೆಯ ಸಹಿಯನ್ನೂ ಕೇಳುತ್ತಾರೆ. ಆದರೂ ಗುಟ್ಟಾಗಿ ಸೇರಬೇಡಿ. ಆಮೇಲೆ ಮಗು ಸ್ವಲ್ಪ ಸೀನಿದರೂ ಆ ಮನೆಯಲ್ಲಿ ನೀವೇ ಉತ್ತರ ಹೇಳಬೇಕಾಗುತ್ತದೆ, ಹಸಿ ಬಾಣಂತಿಗೆ ಆ ಭಾರ ಬೇಡ. ಮುಂದಿನ ಸಲ ಮೈಸೂರಿಗೆ ಹೋಗುವಾಗ ಗಂಡನ ಜೊತೆ ಅತ್ತೆಯನ್ನೂ ಕರೆದುಕೊಂಡು ಹೋಗಿ. ‘ಇಲಿ ಮಾಡ್ಕೊಂಡಿದ್ದೀರಾ?’ ಅಂತ ಅವರೇ ನೇರವಾಗಿ ಕೇಳಲಿ. ಒಳ್ಳೆಯ ಅಧ್ಯಯನ ನಡೆಸುವವರು ಆ ಪ್ರಶ್ನೆಗೆ ಸಿಟ್ಟು ಮಾಡಿಕೊಳ್ಳುವುದಿಲ್ಲ, ಕೂರಿಸಿ ಉತ್ತರ ಹೇಳುತ್ತಾರೆ. ಹೇಗೆ ಉತ್ತರ ಕೊಡುತ್ತಾರೆ ಅನ್ನೋದನ್ನು ನೋಡಿದರೆ ನಿಮಗೆ ಅರ್ಧ ತೀರ್ಮಾನ ಅಲ್ಲೇ ಸಿಗುತ್ತದೆ.

ಕೊನೆಗೆ, ನಿಮ್ಮ ಪತ್ರದಲ್ಲಿ ನೀವು ಕೇಳದೇ ಇದ್ದ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಮೂರನೇ ತಿಂಗಳಲ್ಲಿ ಒಂದು ಟಿಟಿ ಆಗಿದೆ ಅಂತ ಬರೆದಿದ್ದೀರಿ. ಈಗ ಅದರ ಜಾಗದಲ್ಲಿ ಹಾಕುವುದು ಟಿಡಿ. ಧನುರ್ವಾಯುವಿನ ಜೊತೆ ಗಂಟಲಮಾರಿಗೂ ರಕ್ಷಣೆ ಕೊಡುತ್ತದೆ. ಎರಡನೇ ಡೋಸು ಮೊದಲನೆಯದಾದ ನಾಲ್ಕು ವಾರದ ಮೇಲೆ ಆಗಬೇಕಿತ್ತು. ಕಳೆದ ಮೂರು ವರ್ಷದೊಳಗಿನ ಬಸುರಿನಲ್ಲಿ ಎರಡು ಡೋಸು ಆಗಿದ್ದರೆ ಈ ಸಲ ಒಂದೇ ಸಾಕು. ಆದರೆ ನಿಮ್ಮ ಹಿಂದಿನದು ಮೂರನೇ ತಿಂಗಳಲ್ಲೇ ಹೋದದ್ದರಿಂದ ಆಗ ಎರಡು ಆಗಿರಲಿಕ್ಕಿಲ್ಲ. ತಾಯಿ ಕಾರ್ಡ್ ತೆಗೆದು ನೋಡಿ. ಬರೆದಿಲ್ಲದಿದ್ದರೆ ಈ ವಾರವೇ ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾಕಿಸಿಕೊಳ್ಳಿ. ಇದು ಪರೀಕ್ಷೆಯ ಲಸಿಕೆ ಅಲ್ಲ, ಇದಕ್ಕೆ ಯಾರ ಮನೆಯಲ್ಲೂ ಚರ್ಚೆ ಬೇಕಿಲ್ಲ. ಎರಡು ಲಸಿಕೆಗಳ ನಡುವೆ ಇಷ್ಟು ದಿನ ಅಂತರ ಇರಬೇಕು ಅಂತ ಅಧ್ಯಯನದವರು ಹೇಳಬಹುದು. ಹಾಗೆ ಹೇಳಿದರೆ ಅವರದೇ ಕಾಯಲಿ, ಟಿಡಿ ಮುಂದಕ್ಕೆ ಹಾಕಬೇಡಿ.